ಸ್ಪ್ಲ್ಯಾಶ್ ಶೀಲ್ಡಿನ ಅಂಚಿನ ರಬ್ಬರ್: ಯಾವುದನ್ನು ಆರಿಸಬೇಕು, ಹೇಗೆ ಕೂರಿಸಬೇಕು

1965 ಅಥವಾ 1966ರ ಫೋರ್ಡ್ ಮಸ್ಟಾಂಗ್ ಕಾರಿನ ಮುಂದಿನ ಚಕ್ರವನ್ನು ಕಳಚಿ ಚಕ್ರವನ್ನು ಮುಚ್ಚುವ ಹೊರ ತಗಡಾದ ಫೆಂಡರಿನ ಒಳಭಾಗಕ್ಕೆ ಟಾರ್ಚ್ ಬೆಳಕು ಹಾಯಿಸಿದರೆ, ಚಕ್ರದ ಹಿಂದೆ, ಬಾಗಿಲಿನ ಹಿಂಜುಗಳು ಕೂರುವ ಕಂಬಕ್ಕಿಂತ ಸ್ವಲ್ಪ ಮುಂದೆ, ನೆಟ್ಟಗೆ ನಿಂತ ಒಂದು ತಗಡಿನ ಹಲಗೆ ಕಾಣುತ್ತದೆ. ಅದೇ ಸ್ಪ್ಲ್ಯಾಶ್ ಶೀಲ್ಡ್. ಚಕ್ರ ಎರಚುವ ಕೆಸರು, ಕಲ್ಲುಪುಡಿ ಮತ್ತು ನೀರು ಫೆಂಡರಿನ ಹಿಂಬದಿಯ ಟೊಳ್ಳಿಗೆ ನುಗ್ಗದಂತೆ ತಡೆಯುವುದು ಅದರ ಕೆಲಸ. ತಗಡನ್ನು ಫೆಂಡರಿಗೆ ತಾಗುವಷ್ಟು ದೊಡ್ಡದಾಗಿ ಕತ್ತರಿಸಿದರೆ ಕಾರು ಓಡುವಾಗ ಎರಡೂ ಒಂದಕ್ಕೊಂದು ಉಜ್ಜಿ ಸದ್ದು ಮಾಡುತ್ತವೆ ಮತ್ತು ಬಣ್ಣ ಸವೆದು ಕಬ್ಬಿಣ ಬಯಲಾಗುತ್ತದೆ. ಆದ್ದರಿಂದ ತಯಾರಕರು ಹಲಗೆಯನ್ನು ಕೊಂಚ ಚಿಕ್ಕದಾಗಿಯೇ ಮಾಡಿ, ಉಳಿದ ಸಂದನ್ನು ಹಲಗೆಯ ಅಂಚಿಗೆ ದಪ್ಪ ತಂತಿಯ ಪಿನ್ನುಗಳಿಂದ ಹೊಲಿದಂತೆ ಜೋಡಿಸಿದ ರಬ್ಬರ್ ಪಟ್ಟಿಯಿಂದ ಮುಚ್ಚಿದರು. ಅದೇ ಕಾಲದ ಅಮೆರಿಕದ ಇತರ ಹಲವು ಕಾರುಗಳಲ್ಲಿಯೂ ಇದೇ ಪದ್ಧತಿ ಇದೆ.

ಆ ರಬ್ಬರಿಗೆ ಈಗ ಅರವತ್ತು ವರ್ಷ ವಯಸ್ಸು. ಬಹುತೇಕ ಕಾರುಗಳಲ್ಲಿ ಅದು ಒಣಗಿದ ಅಡಿಕೆ ಹಾಳೆಯಂತೆ ಸುರುಟಿಕೊಂಡಿರುತ್ತದೆ, ಇಲ್ಲವೇ ಪಿನ್ನುಗಳ ಸಾಲಿನಲ್ಲಿ ಹರಿದು ಬಿದ್ದುಹೋಗಿರುತ್ತದೆ. ಕಾರನ್ನು ಮೂಲ ಸ್ಥಿತಿಗೆ ತರಲು ಹೊರಟವರು ಎಂಜಿನ್, ಬಣ್ಣ, ಸೀಟಿನ ಹೊದಿಕೆಗಳಿಗೆ ಕೊಡುವ ಗಮನದ ನೂರರಲ್ಲಿ ಒಂದು ಪಾಲನ್ನೂ ಈ ಪಟ್ಟಿಗೆ ಕೊಡುವುದಿಲ್ಲ ಎಂಬುದು ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಸಂಗತಿ. ಹೊಸದಾಗಿ ಬೆಸೆದು ಬಣ್ಣ ಹೊಡೆದ ಫೆಂಡರಿನ ಕೆಳಮೂಲೆ ಕೆಲವೇ ವರ್ಷಗಳಲ್ಲಿ ಮತ್ತೆ ಗುಳ್ಳೆ ಏಳುತ್ತಿದ್ದರೆ, ತಪ್ಪು ಬಣ್ಣದ್ದೇ ಆಗಿರಬೇಕೆಂದಿಲ್ಲ. ಒಳಗೆ ಸೇರಿದ ಒಂದು ಹಿಡಿ ಮಣ್ಣು ತೇವವನ್ನು ಹಿಡಿದುಕೊಂಡು ಲೋಹವನ್ನು ಒಳಗಿನಿಂದ ಹೊರಗೆ ತಿನ್ನುತ್ತಾ ಬಂದಿರುತ್ತದೆ. ಗುಳ್ಳೆ ಕಾಣುವ ಹೊತ್ತಿಗೆ ತಗಡು ತೂತಾಗಿರುತ್ತದೆ.

ಈ ಪಟ್ಟಿಯನ್ನು ಬದಲಿಸುವಾಗ ಎದುರಾಗುವ ಆಯ್ಕೆಗಳು ಮೂರು ಬಗೆಯವು: ಯಾವ ಜಾತಿಯ ರಬ್ಬರು, ಸಿದ್ಧ ಪಟ್ಟಿಯೋ ಕೈಯಲ್ಲಿ ಕತ್ತರಿಸಿದ್ದೋ, ಮತ್ತು ಹಲಗೆಗೆ ಅದನ್ನು ಯಾವುದರಿಂದ ಜೋಡಿಸುವುದು. ಜನರು ಹೆಚ್ಚು ಚರ್ಚಿಸುವುದು ಮೊದಲನೆಯದನ್ನು. ನನ್ನ ಅನುಭವದಲ್ಲಿ ಕಾರಿನ ಆಯುಷ್ಯವನ್ನು ಹೆಚ್ಚು ನಿರ್ಧರಿಸುವುದು ಮೂರನೆಯದು.

ಮೊದಲು ತಿಳಿಯಬೇಕಾದದ್ದು: ಆ ಟೊಳ್ಳಿಗೆ ಮೇಲಿನಿಂದಲೂ ನೀರು ಬರುತ್ತದೆ

ಆಯ್ಕೆಗೆ ಕೈಹಾಕುವ ಮುನ್ನ ನೀರಿನ ದಾರಿಯನ್ನು ಅರಿಯಬೇಕು. ಮಸ್ಟಾಂಗ್ ಕಾರಿನಲ್ಲಿ ಮುಂಗಾಜಿನ ಬುಡದಲ್ಲಿರುವ ಜಾಲರಿಯ ಮೂಲಕ ಒಳಗೆ ಗಾಳಿ ಹೋಗುತ್ತದೆ. ಮಳೆ ಬಂದಾಗ ಅದೇ ಜಾಲರಿಯಿಂದ ನೀರೂ ಇಳಿಯುತ್ತದೆ. ಹಾಗೆ ಇಳಿದ ನೀರು ಎಡಬಲದ ತುದಿಗಳಿಂದ ಹೊರಬಿದ್ದು ಫೆಂಡರಿನ ಹಿಂದೆ, ಅಂದರೆ ಸ್ಪ್ಲ್ಯಾಶ್ ಶೀಲ್ಡ್ ಕಾಯುತ್ತಿರುವ ಅದೇ ಟೊಳ್ಳಿನೊಳಗೆ, ಸುರಿದು ಕೆಳಗಿನ ಸಂದಿನಿಂದ ನೆಲಕ್ಕೆ ಹೋಗುವಂತೆ ವಿನ್ಯಾಸ ಮಾಡಲಾಗಿದೆ. ಹಾಗಾಗಿ ಈ ರಬ್ಬರಿಗೆ ಎರಡು ಕರ್ತವ್ಯಗಳಿವೆ. ಚಕ್ರದ ಕಡೆಯಿಂದ ಕೆಸರು ಬರಕೂಡದು, ಮೇಲಿನಿಂದ ಬಂದ ನೀರು ಒಳಗೆ ನಿಲ್ಲಕೂಡದು.

ಇದನ್ನು ಗಮನಿಸದವರು ಒಳ್ಳೆಯ ಉದ್ದೇಶದಿಂದಲೇ ದೊಡ್ಡ ಹಾನಿ ಮಾಡುತ್ತಾರೆ. ರಬ್ಬರಿನ ಸುತ್ತ ಸೀಲಂಟ್ ಮೆತ್ತಿ, ಕೆಳಗಿನ ಅಂಚನ್ನೂ ಬಿಡದೆ ಮುಚ್ಚಿ, ಒಂದು ಹನಿಯೂ ಒಳಗೆ ಹೋಗದಂತೆ ಮಾಡಿದೆವೆಂದು ತೃಪ್ತಿಪಡುತ್ತಾರೆ. ಮುಂದಿನ ಮಳೆಯಲ್ಲಿ ಮೇಲಿನಿಂದ ಇಳಿದ ನೀರು, ಅದರ ಜೊತೆಗೆ ಜಾಲರಿಯಿಂದ ಬಿದ್ದ ಎಲೆ ಮತ್ತು ಧೂಳು, ಹೊರಹೋಗಲು ದಾರಿಯಿಲ್ಲದೆ ಅಲ್ಲಿಯೇ ಕೊಳೆಯುತ್ತವೆ. ಹಳೆಯ ಪಟ್ಟಿಯಲ್ಲಿ ಕೆಳಗೆ ಒಂದು ಭಾಗ ಖಾಲಿ ಇದ್ದರೆ ಅದು ಹರಿದುಹೋದದ್ದೆಂದು ಭಾವಿಸಬೇಡಿ. ಪಿನ್ನಿನ ತೂತುಗಳು ಎಲ್ಲಿಯವರೆಗೆ ಇವೆಯೋ ಅಲ್ಲಿಯವರೆಗೆ ಮಾತ್ರ ರಬ್ಬರು ಇತ್ತು ಎಂದು ತಿಳಿಯಬೇಕು. ತೂತುಗಳಿಲ್ಲದ ಅಂಚು ನೀರಿಗಾಗಿ ಬಿಟ್ಟ ಬಾಗಿಲು.

ರಬ್ಬರಿನ ಜಾತಿ

ನೈಸರ್ಗಿಕ ರಬ್ಬರಿಗೆ ಹರಿಯದ ಗುಣ, ಬಾಗಿ ಮರಳುವ ಗುಣ ಎರಡೂ ಚೆನ್ನಾಗಿವೆ. ಆದರೆ ಅದರ ಅಣುಸರಪಳಿಯಲ್ಲಿರುವ ಜೋಡಿ ಬಂಧಗಳನ್ನು ಗಾಳಿಯಲ್ಲಿರುವ ಓಜೋನ್ ಕತ್ತರಿಸುತ್ತದೆ. ರಬ್ಬರು ಬಾಗಿ ನಿಂತ ಕಡೆ, ಎಳೆತಕ್ಕೆ ಅಡ್ಡಲಾಗಿ, ಕೂದಲೆಳೆಯಂಥ ಬಿರುಕುಗಳು ಮೂಡಿ ಆಳವಾಗುತ್ತವೆ. ಈ ಗುಣ ಎಷ್ಟು ಖಚಿತವೆಂದರೆ, ಲಾಸ್ ಏಂಜಲೀಸ್ ನಗರದ ಹೊಗೆಮಂಜನ್ನು ಅಧ್ಯಯನ ಮಾಡಿದ ವಿಜ್ಞಾನಿ ಹಾಗೆನ್-ಸ್ಮಿಟ್ ಅವರು 1950ರ ದಶಕದಲ್ಲಿ ಬಾಗಿಸಿದ ರಬ್ಬರ್ ಪಟ್ಟಿಗಳು ಬಿರುಕು ಬಿಡುವುದನ್ನೇ ಗಾಳಿಯ ಓಜೋನ್ ಅಳೆಯುವ ಸಾಧನವಾಗಿ ಬಳಸಿದ್ದರು. ಕ್ಯಾಲಿಫೋರ್ನಿಯದಲ್ಲಿ ಬಾಳಿದ ಹಳೆಯ ಕಾರುಗಳಲ್ಲಿ ತಗಡು ಗಟ್ಟಿಯಾಗಿದ್ದು ರಬ್ಬರ್ ಮಾತ್ರ ಪುಡಿಯಾಗಿರುವುದಕ್ಕೆ ಈ ಗಾಳಿಯ ಪಾಲೂ ಇದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುವ ಮಿಶಿಗನ್ ಕಡೆಯ ಕಾರುಗಳಲ್ಲಾದರೋ ರಬ್ಬರಿಗಿಂತ ಮೊದಲು ತಗಡೇ ಹೋಗಿರುತ್ತದೆ. ನಮ್ಮಲ್ಲಿ ಅಗ್ಗವಾಗಿ ಸಿಗುವ ಸಾಮಾನ್ಯ ಕಪ್ಪು ಶೀಟುಗಳಲ್ಲಿ ಹೆಚ್ಚಿನವು ನೈಸರ್ಗಿಕ ರಬ್ಬರಿನವು ಅಥವಾ ಅದೇ ದೌರ್ಬಲ್ಯವಿರುವ ಎಸ್‌ಬಿಆರ್ ಎಂಬ ಕೃತಕ ಜಾತಿಯವು. ಬಾಗಿಯೇ ನಿಂತಿರಬೇಕಾದ ಈ ಸ್ಥಾನಕ್ಕೆ ಅವನ್ನು ನಾನು ಶಿಫಾರಸು ಮಾಡುವುದಿಲ್ಲ.

ಇಪಿಡಿಎಂ ಎಂಬ ಕೃತಕ ರಬ್ಬರು 1960ರ ದಶಕದ ಆರಂಭದಲ್ಲಷ್ಟೇ ವಾಣಿಜ್ಯ ಪ್ರಮಾಣದಲ್ಲಿ ಮಾರುಕಟ್ಟೆಗೆ ಬಂದದ್ದು. ಇದರ ಮುಖ್ಯ ಸರಪಳಿಯಲ್ಲಿ ಓಜೋನ್ ಕತ್ತರಿಸಬಲ್ಲ ಬಂಧಗಳಿಲ್ಲ. ಆದ್ದರಿಂದ ಬಿಸಿಲು, ಮಳೆ, ಓಜೋನ್, ಬಿಸಿ ನೀರು, ಗ್ಲೈಕಾಲ್ ಆಧಾರಿತ ಬ್ರೇಕ್ ದ್ರವ ಯಾವುದಕ್ಕೂ ಅದು ಸುಲಭವಾಗಿ ಸೋಲುವುದಿಲ್ಲ. ಸುಮಾರು ಮೈನಸ್ 40ರಿಂದ 120 ಡಿಗ್ರಿ ಸೆಲ್ಸಿಯಸ್ ವರೆಗೆ ಗುಣ ಕಾಯ್ದುಕೊಳ್ಳುತ್ತದೆ. ಇಂದಿನ ಕಾರುಗಳ ಬಾಗಿಲ ಬೀಡಿಂಗುಗಳಲ್ಲಿ ಬಹುಪಾಲು ಇದೇ. ಇದರ ದೊಡ್ಡ ಶತ್ರು ಪೆಟ್ರೋಲಿಯಂ ಎಣ್ಣೆ. ಎಂಜಿನ್ ಆಯಿಲ್, ಗ್ರೀಸ್, ಡೀಸೆಲ್ ತಾಗುತ್ತಲೇ ಇದ್ದರೆ ಉಬ್ಬಿ, ಮೆತ್ತಗಾಗಿ, ಪಿನ್ನಿನ ಬಳಿ ಹರಿಯುತ್ತದೆ.

ಇಲ್ಲಿ ನಮ್ಮ ಊರುಗಳ ಒಂದು ರೂಢಿಯನ್ನು ಹೇಳಲೇಬೇಕು. ಮಳೆಗಾಲಕ್ಕೆ ಮುನ್ನ ಸರ್ವೀಸ್ ಮಾಡಿಸುವಾಗ ಕಾರಿನ ತಳಕ್ಕೆ ಹಳೆಯ ಆಯಿಲನ್ನೋ ಡೀಸೆಲ್ ಬೆರೆಸಿದ ಎಣ್ಣೆಯನ್ನೋ ಸಿಂಪಡಿಸುವ ಪದ್ಧತಿ ಇನ್ನೂ ಅನೇಕ ಕಡೆ ಇದೆ. ತಗಡಿಗೆ ಅದು ತಾತ್ಕಾಲಿಕವಾಗಿ ರಕ್ಷಣೆ ಕೊಡುವುದು ನಿಜ. ಆದರೆ ಇಪಿಡಿಎಂ ಪಟ್ಟಿಗೆ ಅದು ನಿಧಾನ ವಿಷ. ಎಣ್ಣೆ ಹೊಡೆಸುವುದನ್ನು ಬಿಡಲು ಸಾಧ್ಯವಿಲ್ಲದವರು ನಿಯೊಪ್ರೀನ್ ಆರಿಸಿಕೊಳ್ಳಬೇಕು.

ನಿಯೊಪ್ರೀನ್ 1930ರ ದಶಕದಿಂದ ಬಳಕೆಯಲ್ಲಿರುವ, ಡುಪಾಂಟ್ ಕಂಪನಿಯಲ್ಲಿ ಹುಟ್ಟಿದ ಕೃತಕ ರಬ್ಬರು. ಎಣ್ಣೆಗೆ ಮಧ್ಯಮ ಮಟ್ಟದ ಸಹನೆ, ಓಜೋನಿಗೆ ನೈಸರ್ಗಿಕ ರಬ್ಬರಿಗಿಂತ ಎಷ್ಟೋ ಉತ್ತಮ ಸಹನೆ ಇದಕ್ಕಿದೆ. ಯಾವುದರಲ್ಲಿಯೂ ಮೊದಲ ಸ್ಥಾನವಿಲ್ಲದಿದ್ದರೂ ಎಲ್ಲದರಲ್ಲಿಯೂ ತೇರ್ಗಡೆಯಾಗುವ ಇಂಥ ವಸ್ತು, ಎಣ್ಣೆ ಸೋರುವ ಹಳೆಯ ಎಂಜಿನ್ನಿನ ಪಕ್ಕದಲ್ಲಿ ಕೂರುವ ಪಟ್ಟಿಗಳಿಗೆ ಬಹಳ ಸೂಕ್ತ. ಅಂಟು ಹಿಡಿಯುವುದೂ ಇಪಿಡಿಎಂಗಿಂತ ಇದಕ್ಕೆ ಸುಲಭ. ನೈಟ್ರೈಲ್ ರಬ್ಬರು ಎಣ್ಣೆಗೆ ಅತ್ಯುತ್ತಮ, ಆದರೆ ಓಜೋನಿಗೆ ದುರ್ಬಲವಾದ್ದರಿಂದ ಆಯಿಲ್ ಸೀಲುಗಳಲ್ಲಿಯೇ ಇರಲಿ. ಸಿಲಿಕೋನ್ ರಬ್ಬರು 200 ಡಿಗ್ರಿಯ ಶಾಖವನ್ನೂ ತಾಳುತ್ತದೆಂದು ಕೇಳಿ ಕೆಲವರು ಅದನ್ನು ಹಾಕುತ್ತಾರೆ. ಆದರೆ ಅದು ಬೇಗ ಹರಿಯುತ್ತದೆ, ಪಿನ್ನು ಚುಚ್ಚಿದ ತೂತಿನಿಂದಲೇ ಸೀಳು ಹೊರಡುತ್ತದೆ. ಚಕ್ರದ ಹಿಂದೆ ಕಲ್ಲೇಟು ತಿನ್ನುವ ಜಾಗದಲ್ಲಿ ಆ ಶಾಖಸಹನೆಯಿಂದ ಏನೂ ಲಾಭವಿಲ್ಲ.

ಸ್ಪಂಜಿನ ಪಟ್ಟಿಯ ಬಗ್ಗೆಯೂ ಎಚ್ಚರಿಕೆ ಬೇಕು. ಮುಚ್ಚಿದ ಕೋಶಗಳ ಸ್ಪಂಜು ನೀರು ಹೀರುವುದಿಲ್ಲ. ತೆರೆದ ಕೋಶಗಳದ್ದು ಪಾತ್ರೆ ತೊಳೆಯುವ ಸ್ಪಂಜಿನಂತೆಯೇ ನೀರು ಹಿಡಿದು ತಗಡಿಗೆ ಒತ್ತಿ ಇಡುತ್ತದೆ. ಒಂದು ಚೂರನ್ನು ನೀರಿನಲ್ಲಿ ಹಿಂಡಿ ಬಿಟ್ಟು, ಹೊರತೆಗೆದು ಮತ್ತೆ ಹಿಂಡಿ ನೋಡಿ. ನೀರು ಒಸರಿದರೆ ಅದನ್ನು ಕಾರಿನ ಹತ್ತಿರವೂ ತರಬೇಡಿ.

ಅಂಗಡಿಯವರು ನಿಯೊಪ್ರೀನ್ ಎಂದು ಕೊಟ್ಟದ್ದು ಅದೇ ಎಂದು ನಂಬುವುದು ಹೇಗೆ? ಎರಡು ಸರಳ ಪರೀಕ್ಷೆಗಳನ್ನು ನಾನು ಮಾಡುತ್ತೇನೆ. ಬೆರಳಗಲದ ಎರಡು ತುಂಡುಗಳನ್ನು ಕತ್ತರಿಸಿ, ಒಂದನ್ನು ಎಂಜಿನ್ ಆಯಿಲಿನಲ್ಲಿ ಎರಡು ದಿನ ಮುಳುಗಿಸಿ ಇಟ್ಟು ಮುಳುಗಿಸದ ತುಂಡಿನ ಪಕ್ಕದಲ್ಲಿಟ್ಟು ಅಳೆಯುವುದು ಒಂದು. ಇಪಿಡಿಎಂ ಮತ್ತು ನೈಸರ್ಗಿಕ ರಬ್ಬರು ಎದ್ದು ಕಾಣುವಷ್ಟು ಉಬ್ಬುತ್ತವೆ, ನಿಯೊಪ್ರೀನ್ ಅಷ್ಟು ಉಬ್ಬುವುದಿಲ್ಲ. ಇನ್ನೊಂದು, ಬಯಲಿನಲ್ಲಿ, ಗಾಳಿಗೆ ಬೆನ್ನಾಗಿ ನಿಂತು, ಇಕ್ಕಳದಲ್ಲಿ ಹಿಡಿದ ಸಣ್ಣ ಚೂರಿಗೆ ಬೆಂಕಿ ತಾಗಿಸುವುದು. ಕ್ಲೋರಿನ್ ಇರುವ ನಿಯೊಪ್ರೀನ್ ಬೆಂಕಿ ತೆಗೆದೊಡನೆ ಆರುತ್ತದೆ, ಇತರವು ಸಾಮಾನ್ಯವಾಗಿ ಉರಿಯುತ್ತಲೇ ಇರುತ್ತವೆ. ಆ ಹೊಗೆ ವಿಷಕಾರಿ, ಉಸಿರಿಗೆ ತೆಗೆದುಕೊಳ್ಳಬಾರದು.

ಸಿದ್ಧ ಪಟ್ಟಿಯೋ, ಶೀಟಿನಿಂದ ಕತ್ತರಿಸಿದ್ದೋ

ಮಸ್ಟಾಂಗ್ ಕಾರಿಗೆ ಅಮೆರಿಕದಲ್ಲಿ ಈ ಪಟ್ಟಿಗಳ ಸಿದ್ಧ ಕಿಟ್‌ಗಳು ಪಿನ್ನುಗಳ ಸಮೇತ ಸುಲಭವಾಗಿ ಸಿಗುತ್ತವೆ. ಅಲ್ಲಿ ನೆಲೆಸಿ ಗ್ಯಾರೇಜಿನಲ್ಲಿ ಒಂದು ಮಸ್ಟಾಂಗನ್ನು ಬಿಚ್ಚಿ ಇಟ್ಟುಕೊಂಡಿರುವ ಕನ್ನಡಿಗರಿಗೆ ನನ್ನ ಸಲಹೆ ಸ್ಪಷ್ಟ: ಕಿಟ್ ಕೊಳ್ಳಿ. ಆಕಾರ ಕತ್ತರಿಸುವ ಶ್ರಮ ಉಳಿಯುತ್ತದೆ, ಬಾಗುಗಳು ಮೂಲಕ್ಕೆ ಹತ್ತಿರವಿರುತ್ತವೆ. ಆದರೆ ಬಂದ ಕಿಟ್ಟನ್ನು ಕಣ್ಣುಮುಚ್ಚಿ ಹಾಕಬಾರದು. ಮರುತಯಾರಿಕೆಯ ಕೆಲವು ಪಟ್ಟಿಗಳು ಮೂಲಕ್ಕಿಂತ ದಪ್ಪವಾಗಿ, ಗಡುಸಾಗಿ ಇರುತ್ತವೆ. ಗಡುಸು ಪಟ್ಟಿ ಫೆಂಡರನ್ನು ಒಳಗಿನಿಂದ ಹೊರಕ್ಕೆ ತಳ್ಳಿ ಬಾಗಿಲಿನ ಸಂದಿನ ಅಳತೆಯನ್ನೇ ಕೆಡಿಸಬಲ್ಲದು. ಪಟ್ಟಿಯನ್ನು ಎರಡು ಬೆರಳುಗಳ ನಡುವೆ ಮಡಿಚಿ ಬಿಟ್ಟಾಗ ಅದು ಸಲೀಸಾಗಿ ಮಡಿಚಿಕೊಂಡು ತಾನಾಗಿಯೇ ನೆಟ್ಟಗಾಗಬೇಕು. ಶೋರ್ ಎ ಮಾಪನದಲ್ಲಿ ಹೇಳುವುದಾದರೆ 60ರ ಆಸುಪಾಸಿನ ಗಡಸುತನ ಈ ಕೆಲಸಕ್ಕೆ ಒಪ್ಪುತ್ತದೆ.

ಹಳೆಯ ದಾಸ್ತಾನಿನಿಂದ ಸಿಗುವ, ಕಂಪನಿಯ ಮುದ್ರೆಯಿರುವ ಮೂಲ ಪಟ್ಟಿಗಳಿಗೆ ಕೆಲವರು ಅಪಾರ ಬೆಲೆ ಕೊಡುತ್ತಾರೆ. ಪೊಟ್ಟಣ ಬಿಚ್ಚಿರದಿದ್ದರೂ ರಬ್ಬರು ಒಳಗೇ ವಯಸ್ಸಾಗುತ್ತಿರುತ್ತದೆ. ಪ್ರದರ್ಶನದಲ್ಲಿ ಮಾತ್ರ ನಿಲ್ಲುವ, ಮೂಲಸ್ಥಿತಿಯ ಸ್ಪರ್ಧೆಗೆ ಹೋಗುವ ಕಾರಿಗೆ ಅದು ಸರಿ. ಓಡುವ ಕಾರಿಗೆ ಬೇಡ.

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕುಳಿತು ಕೆಲಸ ಮಾಡುವವರಿಗೆ ಲೆಕ್ಕ ಬೇರೆ. ವಿದೇಶದಿಂದ ತರಿಸುವ ಸಾಗಣೆ ಮತ್ತು ಸುಂಕ ಸೇರಿದರೆ ಸಣ್ಣ ಕಿಟ್ಟೊಂದು ದುಬಾರಿಯಾಗುತ್ತದೆ. ಮೇಲಾಗಿ ಇಲ್ಲಿನ ಅನೇಕ ಹಳೆಯ ಬ್ರಿಟಿಷ್ ಕಾರುಗಳಿಗೆ ಆ ನಿರ್ದಿಷ್ಟ ಪಟ್ಟಿ ಸಿದ್ಧವಾಗಿ ಸಿಗುವುದೇ ಇಲ್ಲ. ಆಗ ಶೀಟಿನಿಂದ ಕತ್ತರಿಸುವುದೇ ದಾರಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ ಬೀಡಿಂಗುಗಳಿಗಿಂತ, ಕೈಗಾರಿಕಾ ರಬ್ಬರ್ ಮಾರುವ ಅಂಗಡಿಗಳಲ್ಲಿ ಜಾತಿ ಮತ್ತು ದಪ್ಪ ಹೇಳಿ ಶೀಟು ಕೊಳ್ಳುವುದು ಉತ್ತಮ. ಬಟ್ಟೆಯ ಪದರವಿರುವ ಇನ್ಸರ್ಷನ್ ಶೀಟು ಎಂಬುದೊಂದಿದೆ. ಪಿನ್ನಿನ ಸಾಲಿನಲ್ಲಿ ಹರಿಯದಿರುವುದರಲ್ಲಿ ಅದಕ್ಕೆ ಸಮನಾದುದಿಲ್ಲ. ಆದರೆ ಕತ್ತರಿಸಿದ ಅಂಚಿನಿಂದ ಬಟ್ಟೆಯ ಎಳೆಗಳು ನೀರು ಹೀರುತ್ತವೆ, ಮತ್ತು ಎರಡು ದಿಕ್ಕಿನಲ್ಲಿ ಬಾಗಬೇಕಾದ ಮೂಲೆಗಳಲ್ಲಿ ಅದು ಸುಕ್ಕಾಗುತ್ತದೆ. ಉದ್ದನೆಯ ನೇರ ಅಂಚಿಗೆ ಅದನ್ನು, ಬಾಗಿದ ಅಂಚಿಗೆ ಬಟ್ಟೆಯಿಲ್ಲದ ಶೀಟನ್ನು ಬಳಸುವುದು ನನಗೆ ಸರಿಬಂದಿದೆ.

ಲಾರಿಯ ಹಳೆಯ ಟ್ಯೂಬನ್ನು ಕತ್ತರಿಸಿ ಹಾಕುವುದು ನಮ್ಮ ಮೆಕ್ಯಾನಿಕ್‌ಗಳ ಹಳೆಯ ಜಾಣತನ. ಅದನ್ನು ಕೀಳಾಗಿ ಕಾಣಬೇಕಿಲ್ಲ. ಟ್ಯೂಬುಗಳಲ್ಲಿ ಸಾಮಾನ್ಯವಾಗಿರುವ ಬ್ಯುಟೈಲ್ ರಬ್ಬರು ಓಜೋನನ್ನು ಚೆನ್ನಾಗಿ ತಡೆಯುತ್ತದೆ. ಆದರೆ ತೆಳುವಾದ್ದರಿಂದ ಚಕ್ರದ ರಭಸದ ನೀರಿಗೆ ಪಟಪಟನೆ ಹೊಡೆದುಕೊಳ್ಳುತ್ತದೆ, ಮತ್ತು ಟ್ಯೂಬಿನ ಹುಟ್ಟು ಬಾಗು ಅದನ್ನು ಬಿಡುವುದಿಲ್ಲ. ಅದನ್ನು ತಾತ್ಕಾಲಿಕ ವ್ಯವಸ್ಥೆ ಎಂದು ಒಪ್ಪಬಹುದು.

ಕತ್ತರಿಸುವ ಮುನ್ನ ಹಳೆಯ ಪಟ್ಟಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ಚಪ್ಪಟೆಯಾಗಿಸಿ, ರಟ್ಟಿನ ಮೇಲೆ ಗೆರೆ ಎಳೆದುಕೊಳ್ಳಬೇಕು. ಹಳೆಯ ರಬ್ಬರು ಕುಗ್ಗಿರುತ್ತದೆ ಎಂಬುದನ್ನು ಮರೆಯದೆ, ಫೆಂಡರಿಗೆ ತಾಗುವ ಅಂಚಿನಲ್ಲಿ ಐದಾರು ಮಿ.ಮೀ. ಹೆಚ್ಚು ಬಿಟ್ಟು ಕತ್ತರಿಸಿ, ಜೋಡಿಸಿ ನೋಡಿ, ಆಮೇಲೆ ಸವರಬೇಕು. ಪಟ್ಟಿ ಯಾವ ಕಡೆಗೆ ಬಾಗಿ ಕೂತಿತ್ತು, ಹಲಗೆಯ ಯಾವ ಮುಖಕ್ಕೆ ಅಂಟಿತ್ತು ಎಂಬುದರ ಚಿತ್ರಗಳನ್ನು ಬಿಚ್ಚುವ ಮೊದಲೇ ತೆಗೆದಿಟ್ಟುಕೊಂಡಿರಬೇಕು. ಎಡ ಮತ್ತು ಬಲದ ಹಲಗೆಗಳು ಕನ್ನಡಿಯ ಪ್ರತಿಬಿಂಬಗಳು, ಒಂದೇ ಅಲ್ಲ.

ಜೋಡಣೆ

ಕಾರ್ಖಾನೆಯಲ್ಲಿ ಈ ಪಟ್ಟಿಗಳನ್ನು ದಪ್ಪ ಉಕ್ಕಿನ ಪಿನ್ನುಗಳಿಂದ, ಪಿನ್ನಿನ ಕಾಲುಗಳು ರಬ್ಬರು ಮತ್ತು ತಗಡು ಎರಡನ್ನೂ ದಾಟಿ ಹಿಂದೆ ಮಡಿಚಿಕೊಳ್ಳುವಂತೆ, ಜೋಡಿಸುತ್ತಿದ್ದರು. ಮನೆಯಲ್ಲಿ ಆ ಯಂತ್ರವಿಲ್ಲ. ಆದರೂ ಅದೇ ಫಲ ಕೈಯಿಂದ ಸಾಧ್ಯ. ಬಣ್ಣ ಅಥವಾ ಪೌಡರ್ ಕೋಟಿಂಗಿನಿಂದ ಮುಚ್ಚಿಹೋದ ಹಳೆಯ ತೂತುಗಳನ್ನು ಸಣ್ಣ ಡ್ರಿಲ್ ಬಿಟ್ಟಿನಿಂದ ಬಿಡಿಸಿಕೊಳ್ಳಬೇಕು. ಪಟ್ಟಿಯನ್ನು ಸ್ಥಾನದಲ್ಲಿ ಕ್ಲ್ಯಾಂಪ್ ಹಾಕಿ ಹಿಡಿದು, ತಗಡಿನ ತೂತಿನ ಕಡೆಯಿಂದಲೇ ದಬ್ಬಳದಿಂದ ರಬ್ಬರನ್ನು ಚುಚ್ಚಬೇಕು. ರಬ್ಬರಿನ ಕಡೆಯಿಂದ ಊಹೆಯಲ್ಲಿ ಚುಚ್ಚಿದರೆ ತೂತು ತಪ್ಪುತ್ತದೆ. ಆಮೇಲೆ ಆಂಗ್ಲ ಯು ಅಕ್ಷರದ ಆಕಾರಕ್ಕೆ ಬಾಗಿಸಿದ ತಂತಿಯನ್ನು ರಬ್ಬರಿನ ಕಡೆಯಿಂದ ತೂರಿಸಿ, ತಲೆಯ ಕೆಳಗೆ ಕಬ್ಬಿಣದ ದಿಮ್ಮಿಯನ್ನು ಆನಿಸಿ, ಹಿಂದಿನ ಕಾಲುಗಳನ್ನು ಇಕ್ಕಳದಿಂದ ಮಡಿಚಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಚಪ್ಪಟೆ ಮಾಡಬೇಕು. ತಂತಿಯ ಬೆನ್ನು ರಬ್ಬರಿನ ಮೈಗೆ ಸಮನಾಗಿ ಕೂತರೆ ಸಾಕು. ರಬ್ಬರಿನೊಳಗೆ ಹೂತುಹೋಗುವಷ್ಟು ಬಿಗಿದರೆ ಆ ಪಿನ್ನೇ ಮುಂದೆ ಕತ್ತರಿಯಾಗುತ್ತದೆ. ಎರಡು ಹಲಗೆಗಳಿಗೆ ಒಂದು ಸಂಜೆ ಬೇಕಾಗುತ್ತದೆ, ಬೆರಳುಗಳು ನೋಯುತ್ತವೆ. ಆದರೂ ಈ ಕೆಲಸವನ್ನು ನಾನು ಬೇರೆ ಯಾವ ವಿಧಾನಕ್ಕೂ ಬಿಟ್ಟುಕೊಡಲಾರೆ. ತೂತುಗಳು ಮೂಲದವೇ ಉಳಿಯುತ್ತವೆ, ನೋಟ ಮೂಲದ್ದೇ ಆಗಿರುತ್ತದೆ, ಮುಂದೊಮ್ಮೆ ಬಿಚ್ಚಬೇಕೆನಿಸಿದರೆ ಕಾಲುಗಳನ್ನು ನೆಟ್ಟಗೆ ಮಾಡಿದರಾಯಿತು.

ಪಿನ್ನಿನ ಲೋಹ ಯಾವುದಿರಬೇಕು? ಸಾಮಾನ್ಯ ಉಕ್ಕಿನ ಪಿನ್ನು ಮೂಲಸ್ಥಿತಿಯ ಸ್ಪರ್ಧೆಗೆ ಹೋಗುವ ಕಾರಿಗೆ ಸರಿ. ನಿತ್ಯ ಓಡುವ ಕಾರಿಗೆ 304 ದರ್ಜೆಯ ಸ್ಟೇನ್‌ಲೆಸ್ ತಂತಿಯನ್ನು ನಾನು ಆರಿಸುತ್ತೇನೆ. ಎರಡು ಬೇರೆ ಲೋಹಗಳು ನೀರಿನಲ್ಲಿ ಸೇರಿದರೆ ಒಂದು ಇನ್ನೊಂದನ್ನು ತಿನ್ನುತ್ತದೆಯಲ್ಲವೇ ಎಂದು ಕೇಳುವವರಿದ್ದಾರೆ, ಮತ್ತು ಆ ಪ್ರಶ್ನೆ ನ್ಯಾಯವಾದದ್ದೇ. ಇಲ್ಲಿ ಉದಾತ್ತ, ಅಂದರೆ ತಾನು ಸವೆಯದೆ ಪಕ್ಕದ್ದನ್ನು ಸವೆಸುವ, ಲೋಹವಾದ ಸ್ಟೇನ್‌ಲೆಸ್ ಬಹಳ ಚಿಕ್ಕದು, ಸವೆಯಬೇಕಾದ ಉಕ್ಕಿನ ಹಲಗೆ ಬಹಳ ದೊಡ್ಡದು. ಆದ್ದರಿಂದ, ತೂತಿನ ಅಂಚಿಗೆ ಪ್ರೈಮರ್ ಹಚ್ಚಿದ್ದರೆ, ಪರಿಣಾಮ ಅತ್ಯಲ್ಪ. ಅಲ್ಯೂಮಿನಿಯಂ ರಿವೆಟ್ ಹಾಕಿದಾಗ ಸ್ಥಿತಿ ತಲೆಕೆಳಗಾಗುತ್ತದೆ. ಸವೆಯುವ ಲೋಹ ಚಿಕ್ಕದು, ತಿನ್ನುವ ಲೋಹ ದೊಡ್ಡದು. ಕರಾವಳಿಯ ಉಪ್ಪು ಗಾಳಿಯಲ್ಲಿ ಅಂಥ ರಿವೆಟ್‌ಗಳು ಬಿಳಿಯ ಪುಡಿಯಾಗುವುದು ಈ ಕಾರಣದಿಂದಲೇ. ರಿವೆಟ್ ಹಾಕಲೇಬೇಕೆಂದಿದ್ದರೆ ಸ್ಟೇನ್‌ಲೆಸ್ ರಿವೆಟ್ಟನ್ನೇ, ರಬ್ಬರಿನ ಕಡೆ ಅಗಲ ವಾಷರ್ ಇಟ್ಟು ಹಾಕಬೇಕು. ವಾಷರ್ ಇಲ್ಲದ ರಿವೆಟ್ಟಿನ ಕಿರಿದಾದ ತಲೆ ರಬ್ಬರನ್ನು ತೂರಿ ಹೊರಬರುತ್ತದೆ. ರಿವೆಟ್ಟಿಗೆ ತೂತು ದೊಡ್ಡದು ಮಾಡಬೇಕಾಗುವುದರಿಂದ ಮೂಲ ಹಲಗೆ ಕೆಡುತ್ತದೆ ಎಂಬುದು ನನ್ನ ಮುಖ್ಯ ಆಕ್ಷೇಪಣೆ. ತುಕ್ಕಿನಿಂದ ಅಂಚಿನ ತೂತುಗಳೆಲ್ಲ ಸೇರಿಹೋದ, ಪಿನ್ನು ಹಿಡಿಯಲು ಜಾಗವೇ ಇಲ್ಲದ ಹಲಗೆಗೆ ಮಾತ್ರ ಅದು ಒಪ್ಪತಕ್ಕದ್ದು. ಅಂಥ ಹಲಗೆಯನ್ನು ಟಿಂಕರಿಂಗ್ ಮಾಡಿಸಿ ಹೊಸ ಅಂಚು ಬೆಸೆಯಿಸುವುದು ಇನ್ನೂ ಒಳ್ಳೆಯದು.

ಈಗಿನ ಕಾರುಗಳಲ್ಲಿ ಬರುವ ಪ್ಲಾಸ್ಟಿಕ್ ಒತ್ತು ಕ್ಲಿಪ್ಪುಗಳು ಅಗ್ಗ ಮತ್ತು ವೇಗ. ಅವುಗಳಿಗೂ ದೊಡ್ಡ ತೂತು ಬೇಕು, ದೂರದೂರಕ್ಕೆ ಕೂರುವುದರಿಂದ ನಡುವೆ ರಬ್ಬರು ಅಲೆಯಾಗಿ ಎದ್ದು ಕೆಸರಿಗೆ ದಾರಿಯಾಗುತ್ತದೆ. ಅಂಚಿಗೆ ಸುಮ್ಮನೆ ಒತ್ತಿ ಕೂರಿಸುವ, ಒಳಗೆ ಲೋಹದ ಹಲ್ಲುಗಳಿರುವ ಬೀಡಿಂಗೂ ಹಾಗೆಯೇ ಆಕರ್ಷಕವಾಗಿ ಕಾಣುತ್ತದೆ. ಅದರ ತೋಡಿನಲ್ಲಿ ನಿಲ್ಲುವ ನೀರು ಹಲಗೆಯ ಅಂಚನ್ನೇ ತಿನ್ನುತ್ತದೆ. ಬಾಗಿಲ ಚೌಕಟ್ಟಿನ ಮೇಲೆ ಅದು ಸರಿ, ಚಕ್ರದ ಹಿಂದೆ ಅಲ್ಲ.

ಅಂಟು ಮಾತ್ರವೇ ಸಾಕು ಎಂಬ ವಾದಕ್ಕೆ ನನ್ನ ಸ್ವಂತ ತಪ್ಪೇ ಉತ್ತರ. ಬಹಳ ಹಿಂದೆ, ಮೊದಲ ಬಾರಿಗೆ ಇಂಥ ಪಟ್ಟಿ ಬದಲಿಸಿದಾಗ, ಪಿನ್ನಿನ ಶ್ರಮಕ್ಕೆ ಅಂಜಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕ ಸಿಲಿಕೋನ್ ಸೀಲಂಟಿನಿಂದ ಇಪಿಡಿಎಂ ಪಟ್ಟಿಯನ್ನು ಅಂಟಿಸಿದ್ದೆ. ಹಚ್ಚುವಾಗ ವಿನೆಗರಿನಂಥ ಹುಳಿ ವಾಸನೆ ಬಂದಿತ್ತು, ಅದರ ಅರ್ಥ ನನಗೆ ಆಗ ತಿಳಿದಿರಲಿಲ್ಲ. ಆ ಬಗೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ಬಣ್ಣ ಕಿತ್ತ ಉಕ್ಕಿನ ಮೇಲೆ ಅದು ತುಕ್ಕಿಗೆ ಆಹ್ವಾನ. ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಪಟ್ಟಿ ಒಂದು ತುದಿಯಿಂದ ಸಿಪ್ಪೆಯಂತೆ ಎದ್ದು ಬಂದಿತ್ತು, ಅದರ ಕೆಳಗೆ ಸೀಲಂಟ್ ಹಚ್ಚಿದ ಗೆರೆಯ ಉದ್ದಕ್ಕೂ ಕಂದು ತುಕ್ಕು ಕೂತಿತ್ತು. ಇಪಿಡಿಎಂನ ಮೈಗೆ ಬಹುತೇಕ ಸಾಮಾನ್ಯ ಅಂಟುಗಳು ಹಿಡಿಯುವುದೇ ಇಲ್ಲ ಎಂಬುದನ್ನು ಆ ಹಲಗೆಯನ್ನು ಮತ್ತೊಮ್ಮೆ ಉಜ್ಜಿ ಬಣ್ಣ ಹೊಡೆಯುವಾಗ ಕಲಿತೆ. ಪಿನ್ನಿನ ಜೊತೆಗೆ ಏನಾದರೂ ಬೇಕೇಬೇಕೆಂದರೆ, ಗಟ್ಟಿಯಾಗದ ಬ್ಯುಟೈಲ್ ಪಟ್ಟಿಯನ್ನು ರಬ್ಬರು ಮತ್ತು ಹಲಗೆಯ ನಡುವೆ ತೆಳುವಾಗಿ ಇಡಬಹುದು. ರಬ್ಬರು ಮತ್ತು ಫೆಂಡರಿನ ನಡುವೆ ಏನನ್ನೂ ಹಚ್ಚಬಾರದು, ಆ ಅಂಚು ಸ್ವತಂತ್ರವಾಗಿ ಅಲುಗಾಡಬೇಕು.

ಎಂಜಿಬಿ ಕಾರಿನಲ್ಲಿ ತೂಕ ಬೇರೆ ಕಡೆ ವಾಲುತ್ತದೆ

ಇಂಗ್ಲೆಂಡಿನ ಆ್ಯಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಕಾರಿನಲ್ಲಿಯೂ ಮುಂದಿನ ಚಕ್ರದ ಹಿಂದೆ ರಬ್ಬರ್ ಅಂಚಿನ ಇಂಥದ್ದೇ ಹಲಗೆಯಿದೆ. ಆದರೆ ಅಲ್ಲಿ ರಬ್ಬರು ಸೋತರೆ ಆಗುವ ನಷ್ಟ ದೊಡ್ಡದು. ಹಲಗೆಯ ಹಿಂದೆ ಸೇರಿದ ಮಣ್ಣು ಕೆಳಗಿಳಿದು ಸಿಲ್ ಎಂಬ, ಬಾಗಿಲಿನ ಕೆಳಗೆ ಹಾಯುವ ಪೆಟ್ಟಿಗೆಯಾಕಾರದ ತೊಲೆಯ ಮುಂತುದಿಯ ಬಳಿ ಕೂರುತ್ತದೆ. ಪ್ರತ್ಯೇಕ ಚಾಸಿ ಇಲ್ಲದ ಈ ಕಾರಿನ, ಅದರಲ್ಲಿಯೂ ತೆರೆದ ಮೇಲ್ಭಾಗದ ಮಾದರಿಯ, ಬಲವೆಲ್ಲ ಆ ತೊಲೆಯಲ್ಲಿದೆ. ಸಿಲ್ ಕೊಳೆತರೆ ಕಾರಿನ ನಡುವೇ ಬಗ್ಗುತ್ತದೆ, ಬಾಗಿಲು ಕೂರುವುದಿಲ್ಲ.

ಆದ್ದರಿಂದ ಎಂಜಿಬಿಗೆ ನಾನು ಕೊಡುವ ಮೊದಲ ಆದ್ಯತೆ ಮೂಲದ ನೋಟಕ್ಕಲ್ಲ, ಹಲಗೆಯನ್ನು ಆಗಾಗ ಬಿಚ್ಚಿ ಹಿಂದಿನ ಜಾಗವನ್ನು ತೊಳೆಯಲು ಬರುವ ಅನುಕೂಲಕ್ಕೆ. ಹಲಗೆಯನ್ನು ಹಿಡಿದಿರುವ ತುಕ್ಕು ಹಿಡಿದ ಸ್ಕ್ರೂಗಳ ಬದಲು ಸ್ಟೇನ್‌ಲೆಸ್ ಸ್ಕ್ರೂಗಳನ್ನು ಆ್ಯಂಟಿ-ಸೀಜ್ ಗ್ರೀಸ್ (ಸ್ಕ್ರೂ ಕಚ್ಚಿಕೊಳ್ಳದಂತೆ ಕಾಯುವ ಗ್ರೀಸ್) ಹಚ್ಚಿ ಹಾಕುವುದು, ಸಿದ್ಧ ಅಂಚುಪಟ್ಟಿ ಸಿಕ್ಕಿದರೆ ಅದನ್ನೇ ಕೊಳ್ಳುವುದು, ಸಿಗದಿದ್ದರೆ ಮೆತ್ತನೆಯ ಶೀಟಿನಿಂದ ಕತ್ತರಿಸಿದ ಪಟ್ಟಿಯನ್ನು ತೆಳು ಸ್ಟೇನ್‌ಲೆಸ್ ಪಟ್ಟಿಯ ಅಡಿಗೆ ಸಣ್ಣ ನಟ್ ಬೋಲ್ಟುಗಳಿಂದ ಬಿಗಿಯುವುದು ಇಲ್ಲಿ ಪಿನ್ನಿಗಿಂತ ಮೇಲು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಬಿಚ್ಚಿ ತೊಳೆದು ಒಣಗಿಸಿ ಕೂರಿಸಬಹುದಾದ ಕೆಸರು ತಡೆ, ಎಂದೂ ಬಿಚ್ಚಲಾಗದ ಸುಂದರ ಕೆಸರು ತಡೆಗಿಂತ ಆ ಕಾರನ್ನು ಹೆಚ್ಚು ಕಾಲ ಉಳಿಸುತ್ತದೆ. ಆಗುಂಬೆಯ ಕಡೆಯ ಕೆಂಪು ಮಣ್ಣಿನ ರಸ್ತೆಯಲ್ಲಿ ಒಂದು ಮಳೆಗಾಲ ಓಡಾಡಿದ ಯಾವ ಹಳೆಯ ಕಾರಿಗೂ ಈ ಮಾತು ಅನ್ವಯಿಸುತ್ತದೆ.

ಕೆಲಸದ ಕ್ರಮ ಮತ್ತು ಪರೀಕ್ಷೆ

ಹಲಗೆಯ ಬಣ್ಣ ಪೂರ್ತಿ ಒಣಗಿದ ಮೇಲೆಯೇ ರಬ್ಬರು ಜೋಡಿಸಬೇಕು. ಹಸಿ ಎನಾಮೆಲ್ ರಬ್ಬರಿಗೆ ಅಂಟಿಕೊಂಡು ಮೊದಲ ಬಾರಿ ಬಿಚ್ಚುವಾಗಲೇ ಕಿತ್ತುಬರುತ್ತದೆ. ಟೊಳ್ಳಿನೊಳಗೆ ಮೇಣದ ಲೇಪ ಸಿಂಪಡಿಸುವುದಿದ್ದರೆ ರಬ್ಬರು ಕೂರಿಸುವ ಮೊದಲೇ ಸಿಂಪಡಿಸಿ, ಅದರ ದ್ರಾವಕ ಆರುವವರೆಗೆ ಒಂದೆರಡು ದಿನ ಬಿಡಬೇಕು. ಹಲಗೆಯನ್ನು ಸ್ಥಾನಕ್ಕೆ ತಳ್ಳುವಾಗ ಜಾರಲೆಂದು ಗ್ರೀಸ್ ಹಚ್ಚದೆ ಸೋಪಿನ ನೀರನ್ನೇ ಬಳಸಬೇಕು. ಫೆಂಡರಿನ ಹೊರಮೈಗೆ ಕೊನೆಯ ಬಣ್ಣ ಹೊಡೆಯುವ ಮೊದಲು ಒಮ್ಮೆ ಎಲ್ಲವನ್ನೂ ಕೂಡಿಸಿ ಬಾಗಿಲಿನ ಸಂದನ್ನು ಅಳೆದು ನೋಡುವುದು, ಮುಂದೆ ಅಳುವುದನ್ನು ತಪ್ಪಿಸುತ್ತದೆ.

ರಬ್ಬರು ಎಲ್ಲೆಡೆ ತಾಗುತ್ತಿದೆಯೇ ಎಂದು ತಿಳಿಯಲು ಅದರ ಅಂಚಿಗೆ ಸೀಮೆಸುಣ್ಣ ಉಜ್ಜಿ, ಹಲಗೆಯನ್ನು ಕೂರಿಸಿ, ಮತ್ತೆ ತೆಗೆದು ಫೆಂಡರಿನ ಒಳಮೈಯನ್ನು ನೋಡಿ. ಬಿಳಿಯ ಗೆರೆ ಕಡಿದುಹೋದ ಕಡೆ ಸಂದಿದೆ. ಗೆರೆ ಬೆರಳಗಲವಾಗಿದ್ದರೆ ಅಲ್ಲಿ ರಬ್ಬರು ಹೆಚ್ಚಾಗಿ ಒತ್ತುತ್ತಿದೆ, ಸ್ವಲ್ಪ ಸವರಬೇಕು. ಕತ್ತಲಾದ ಮೇಲೆ ಟೊಳ್ಳಿನೊಳಗೆ ಸಣ್ಣ ದೀಪವಿಟ್ಟು ಚಕ್ರದ ಕಡೆಯಿಂದ ನೋಡುವುದೂ ಒಳ್ಳೆಯ ಉಪಾಯ. ಕೊನೆಗೆ ಮುಂಗಾಜಿನ ಬುಡದ ಜಾಲರಿಗೆ ಒಂದು ಬಿಂದಿಗೆ ನೀರನ್ನು ನಿಧಾನವಾಗಿ ಸುರಿದು, ಎರಡೂ ಫೆಂಡರುಗಳ ಕೆಳಗೆ ಅದು ತಡವಿಲ್ಲದೆ ಹೊರಬರುತ್ತದೆಯೇ ನೋಡಬೇಕು. ಒಂದು ಕಡೆ ಮಾತ್ರ ಬಂದು ಇನ್ನೊಂದು ಕಡೆ ಹನಿಹನಿಯಾಗಿ ಜಿನುಗಿದರೆ, ಆ ಕಡೆಯ ಹಲಗೆಯನ್ನು ಅಂದೇ ಬಿಚ್ಚಿ ಕೆಳಗಿನ ಅಂಚಿನ ರಬ್ಬರನ್ನು ಎರಡು ಬೆರಳಷ್ಟು ಕತ್ತರಿಸಿ ತೆಗೆಯಿರಿ, ಮತ್ತೆ ಸುರಿದು ನೋಡಿ. ರಬ್ಬರು ತೆಗೆದ ಮೇಲೂ ನೀರು ಬರದಿದ್ದರೆ ತಡೆ ಇರುವುದು ಮೇಲೆ, ಜಾಲರಿಯ ಒಳಗಿನ ಕಾಲುವೆಯಲ್ಲಿ. ಅಲ್ಲಿ ಹಳೆಯ ಎಲೆಗಳು ಇನ್ನೂ ಕೂತಿವೆ.